ದಸರಾ ರಜೆ: ಬೆಂಗಳೂರಲ್ಲಿ ಮಕ್ಕಳಿಗೆ ಸಿನಿಮಾ ತೋರ್ಸೋದೆಲ್ಲಿ? ಮಾಲ್ ಬಿಟ್ಟು ಹೇಳಿ

ಬನಶಂಕರಿ ಅಕ್ಕ (24 ಸೆಪ್ಟೆಂಬರ್ 2025)

ಎಲ್ರಿಗೂ ನಮಸ್ಕಾರ. ರಜೆ ಶುರುವಾದಾಗಿಂದ ನಮ್ಮನೇಲಿ ಟೀವಿ ರಿಮೋಟ್‌ಗೆ ಕುರುಕ್ಷೇತ್ರ ನಡೀತಿದೆ. ದೊಡ್ಡವನು ಆರನೇ ಕ್ಲಾಸು, ಚಿಕ್ಕವಳು ಯುಕೆಜಿ, ಅದ್ರ ಜೊತೆಗೆ ಗೊಂಬೆ ಕೂರ್ಸೋಕೆ ಅಂತ ನಮ್ಮತ್ತೆ ಹಾಸನದಿಂದ ಬಂದಿದಾರೆ. ಎಲ್ರನ್ನೂ ಒಟ್ಟಿಗೆ ಒಂದು ಪಿಕ್ಚರ್‌ಗೆ ಕರ್ಕೊಂಡ್ ಹೋಗೋಣ, ಹೇಗೂ ಟಿಕೆಟ್ 200 ದಾಟಂಗಿಲ್ಲ ಅಂತ ಸರ್ಕಾರನೇ ಹೇಳಿದೆಯಲ್ಲ ಅಂತ ಖುಷಿಯಾಗಿ ಆ್ಯಪ್ ತೆಗೆದ್ರೆ ವೀಕೆಂಡ್‌ಗೆ ನಾನೂರು ಚಿಲ್ರೆ ತೋರಿಸ್ತಿದೆ. ಐದು ಜನಕ್ಕೆ ಲೆಕ್ಕ ಹಾಕಿ, ಪಾಪ್‌ಕಾರ್ನ್ ಬೇರೆ. ಮಾಲ್ ಬಿಟ್ಟು ಬೇರೆ ಎಲ್ಲಿ ಒಳ್ಳೇದಿದೆ? ಮ್ಯೂಸಿಯಂಗಳಲ್ಲೂ ಫಿಲ್ಮ್ ತೋರಿಸ್ತಾರಂತೆ, ನಿಜಾನಾ? ಅತ್ತೆಗೆ ಕನ್ನಡ ಬಿಟ್ರೆ ಬೇರೆ ಬರಲ್ಲ, ಅದನ್ನ ಮನಸಲ್ಲಿ ಇಟ್ಕೊಂಡು ಹೇಳಿ ಪ್ಲೀಸ್.

ಕೋರ್ಟ್ ಹಕ್ಕಿ

ಮೇಡಂ, ಆ 200ರ ಕಥೆ ನಿನ್ನೆಗೇ ನಿಂತೋಯ್ತು. ಸೆಪ್ಟೆಂಬರ್ 12ಕ್ಕೆ ಸರ್ಕಾರ ಸಿನಿಮಾ ನಿಯಂತ್ರಣ ನಿಯಮಕ್ಕೆ ತಿದ್ದುಪಡಿ ತಂದು, ರಾಜ್ಯದ ಎಲ್ಲಾ ಥಿಯೇಟರಲ್ಲೂ ಯಾವ ಭಾಷೆ ಪಿಕ್ಚರ್ ಆದ್ರೂ ತೆರಿಗೆ ಬಿಟ್ಟು 200 ಮೀರಂಗಿಲ್ಲ ಅಂತ ಹೇಳ್ತು. 75 ಸೀಟು ಅಥವಾ ಅದಕ್ಕಿಂತ ಕಮ್ಮಿ ಇರೋ ಪ್ರೀಮಿಯಂ ಸ್ಕ್ರೀನ್‌ಗಳಿಗೆ ಮಾತ್ರ ವಿನಾಯಿತಿ. ಮಲ್ಟಿಪ್ಲೆಕ್ಸ್‌ನೋರು, ನಿರ್ಮಾಪಕರು ಹೈಕೋರ್ಟ್‌ಗೆ ಹೋದ್ರು, 23ಕ್ಕೆ ಮಧ್ಯಂತರ ತಡೆ ಸಿಕ್ತು. ಹಾಗಾಗಿ ನೀವು ಆ್ಯಪ್‌ನಲ್ಲಿ ನೋಡಿದ್ದೇ ಸರಿ. 2017ರಲ್ಲೂ ಇದೇ 200 ಅಂತ ಒಂದು ಆದೇಶ ಬಂದು ಹೋಗಿದ್ದು ನೆನಪಿರಬಹುದು.

ಸಿಂಗಲ್ ಸ್ಕ್ರೀನ್ ಸೀನ

ಅಕ್ಕ ಕೋರ್ಟು ಕಚೇರಿ ಅವರು ನೋಡ್ಕೊಳ್ಳಲಿ, ನೀವು ಸೀದಾ ಸಿಂಗಲ್ ಸ್ಕ್ರೀನ್‌ಗೆ ನಡೀರಿ. ನಿಮ್ ಕಡೆಯಿಂದ ಲಾಲ್‌ಬಾಗ್ ಹತ್ರ ಊರ್ವಶಿ ದೂರ ಏನಿಲ್ಲ, ಸೌಂಡ್ ಅಂದ್ರೆ ಸೌಂಡು, ಡಾಲ್ಬಿ ಅಟ್ಮಾಸ್, ಪರದೆ ಕೂಡ ಮಾಲ್‌ನಲ್ಲಿರೋ ಡಬ್ಬಿ ಸ್ಕ್ರೀನ್ ಥರ ಅಲ್ಲ. ಗಾಂಧಿನಗರ ಆದ್ರೆ ನರ್ತಕಿ, ಸಂತೋಷ್, ಅನುಪಮಾ. ರಾಜಾಜಿನಗರದಲ್ಲಿ ನವರಂಗ್, ಮಾಗಡಿ ರೋಡಲ್ಲಿ ವೀರೇಶ್. ಹಬ್ಬದ ಟೈಮಲ್ಲಿ ಸಿಂಗಲ್ ಸ್ಕ್ರೀನಲ್ಲಿ ಫ್ಯಾಮಿಲಿ ಜೊತೆ ಬಾಲ್ಕನಿಲಿ ಕೂತು ಕೆಳಗಡೆ ಶಿಳ್ಳೆ ಕೇಳ್ತಾ ಪಿಕ್ಚರ್ ನೋಡೋದಿದೆಯಲ್ಲ ಅದು ಬೇರೆ ಲೆವೆಲ್. ಮಕ್ಕಳಿಗೂ ಒಂದ್ಸಲ ಗೊತ್ತಾಗ್ಲಿ.

ಇಬ್ಬರ ಅಪ್ಪ

ಶಿಳ್ಳೆ ಎಲ್ಲಾ ಸರಿ ಸೀನಣ್ಣ, ಟಾಯ್ಲೆಟ್ ಬಗ್ಗೆ ಒಂದು ಮಾತು ಹೇಳಿ ನೋಡಣ. ಯುಕೆಜಿ ಮಗು, ವಯಸ್ಸಾದ ಅತ್ತೆ ಅಂತಿದಾರೆ. ನಾನು ಹೋಗಿದ್ದ ಒಂದು ಹಳೇ ಥಿಯೇಟರಲ್ಲಿ (ಹೆಸರು ಬೇಡ) ಬಾಲ್ಕನಿಗೆ ಲಿಫ್ಟಿಲ್ಲ, ಹೆಂಗಸರ ಟಾಯ್ಲೆಟ್ ಕೆಳಗಿನ ಮಹಡಿ, ಅದೂ ಇಂಟರ್ವಲ್‌ನಲ್ಲಿ ಕ್ಯೂ. ನಮ್ಮಮ್ಮ ಮಂಡಿ ನೋವು ಅಂತ ಸೆಕೆಂಡ್ ಹಾಫ್ ಪೂರ್ತಿ ಮುಖ ಊದಿಸ್ಕೊಂಡೇ ಕೂತಿದ್ರು. ನಾನೇನು ಮಾಲ್ ಪರ ಅಲ್ಲ, ಆದ್ರೆ ಎಸ್ಕಲೇಟರ್, ಪಾರ್ಕಿಂಗ್, ಕ್ಲೀನ್ ಟಾಯ್ಲೆಟ್‌ಗೆ ಅಂತಾನೇ ಜನ ಆ ದುಡ್ಡು ಕೊಡ್ತಾರೆ.

ಸಿಂಗಲ್ ಸ್ಕ್ರೀನ್ ಸೀನ

ಊರ್ವಶಿ ನವರಂಗ್ ಎಲ್ಲ ಎಷ್ಟೋ ಚೆನ್ನಾಗಿ ಇಟ್ಕೊಂಡಿದಾರೆ ಸಾರ್, ಎಲ್ಲಾನೂ ಒಂದೇ ತಕ್ಕಡಿಗೆ ಹಾಕ್ಬೇಡಿ. ಮೆಟ್ಟಿಲು ಹತ್ತಕ್ಕಾಗಲ್ಲ ಅಂದ್ರೆ ಕೆಳಗಡೆ ಹಿಂದಿನ ಸಾಲು ತಗೊಳಿ, ಅಷ್ಟೇ.

ನಕ್ಷತ್ರ ಕಡ್ಡಿ

ಅಕ್ಕ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಜವಾಹರಲಾಲ್ ನೆಹರು ತಾರಾಲಯ. ಹೈಗ್ರೌಂಡ್ಸ್‌ನಲ್ಲಿ, ಟಿ. ಚೌಡಯ್ಯ ರಸ್ತೆ. 1989ರಿಂದ ನಡೀತಿದೆ, ನಾವೆಲ್ಲ ಸ್ಕೂಲಿಂದ ಹೋಗಿದ್ದ ಅದೇ ಜಾಗ. ಆದ್ರೆ 2017ರ ಹೊತ್ತಿಗೆ ಒಳಗಡೆ ಪ್ರೊಜೆಕ್ಷನ್ ಎಲ್ಲ ಹೊಸದು ಮಾಡಿದಾರೆ, ಹಳೇ ನೆನಪಲ್ಲಿ ಹೋದ್ರೆ ಬಾಯಿ ಬಿಟ್ಕೊಂಡು ನೋಡ್ತೀರ. ದೊಡ್ಡ ಗುಮ್ಮಟದ ಕೆಳಗೆ ಸೀಟು ಹಿಂದಕ್ಕೆ ಒರಗಿಸ್ಕೊಂಡು ಮಲ್ಕೊಂಡಂಗೆ ಕೂರೋದು. ದೀಪ ನಿಧಾನಕ್ಕೆ ಆರ್ತಾ ಆರ್ತಾ ಸಂಜೆ ಆಗೋ ಥರ ಮಾಡಿ ಆಮೇಲೆ ಒಂದೊಂದೇ ನಕ್ಷತ್ರ ಬರುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಆಕಾಶ ತುಂಬೋಗುತ್ತೆ, ಆಗ ಹಾಲ್‌ನಲ್ಲಿರೋ ಎಲ್ಲಾ ಮಕ್ಕಳೂ ಒಟ್ಟಿಗೆ "ಓ" ಅಂತಾರೆ ನೋಡಿ, ಅದನ್ನ ಕೇಳೋಕೇ ಹೋಗ್ಬೇಕು.

ಮುಖ್ಯವಾದ್ದು, ಕನ್ನಡ ಶೋ ಬೇರೆ, ಇಂಗ್ಲಿಷ್ ಶೋ ಬೇರೆ. ನಿಮ್ಮತ್ತೆಗೆ ಕನ್ನಡ ಶೋ ಟೈಮ್ ನೋಡ್ಕೊಂಡು ಹೋಗಿ. ಸೋಮವಾರ ರಜ, ತಿಂಗಳ ಎರಡನೇ ಮಂಗಳವಾರಾನೂ ರಜ. ಈ ಎರಡನೇ ಮಂಗಳವಾರ ಗೊತ್ತಿಲ್ದೆ ಗೇಟ್ ತನಕ ಬಂದು ವಾಪಸ್ ಹೋಗೋ ಸಂಸಾರಗಳು ಪ್ರತಿ ರಜೆಲೂ ಇರ್ತವೆ.

ಬನಶಂಕರಿ ಅಕ್ಕ

ತಾರಾಲಯ ಹೊಳೆದೇ ಇರ್ಲಿಲ್ಲ! ಮೊನ್ನೆ 7ನೇ ತಾರೀಖು ಚಂದ್ರಗ್ರಹಣಕ್ಕೆ ದೊಡ್ಡವನು ರಾತ್ರಿ ಟೆರೇಸ್ ಬಿಟ್ಟು ಇಳೀಲಿಲ್ಲ, ಅತ್ತೆ ಫೋನಲ್ಲೇ ಬೈತಿದ್ರು ಗ್ರಹಣ ನೋಡ್ತಾರಾ ಅಂತ. ಇಬ್ರನ್ನೂ ಒಟ್ಟಿಗೆ ಕೂರ್ಸಿದ್ರೆ ಮಜಾ ಇರುತ್ತೆ. ಚಿಕ್ಕವಳು ಕತ್ತಲೆಗೆ ಹೆದರ್ತಾಳೆ, ಅದೊಂದು ಯೋಚನೆ.

ನಕ್ಷತ್ರ ಕಡ್ಡಿ

ಬಾಗಿಲ ಹತ್ರದ ಸೀಟು ಹಿಡೀರಿ. ಶೋ ಶುರುವಾದ್ಮೇಲೆ ಎದ್ದು ಓಡಾಡಿದ್ರೆ ಎಲ್ರಿಗೂ ತೊಂದ್ರೆ, ಮೊಬೈಲ್ ಬೆಳಕಂತೂ ಹಾಕ್ಲೇಬೇಡಿ, ಒಂದು ಮೊಬೈಲ್ ಆನ್ ಆದ್ರೆ ಅರ್ಧ ಆಕಾಶ ಹೋಗುತ್ತೆ. ಮನೇಲೇ ಅವ್ಳಿಗೆ ಮೊದ್ಲು ಹೇಳಿ ಕರ್ಕೊಂಡ್ ಬನ್ನಿ, ಕತ್ತಲಾಗುತ್ತೆ, ಆಮೇಲೆ ಸ್ಟಾರ್ ಬರುತ್ತೆ ಅಂತ.

ರಾಜಾಜಿನಗರ ರಾಕಿ

ಗುರು ಇದೆಲ್ಲ ಸಿನಿಮಾನಾ? ಅಕ್ಕ ಸಿನಿಮಾ ಕೇಳಿದ್ರೆ ನೀವು ಗ್ರಹ ನಕ್ಷತ್ರ ತೋರಿಸ್ತಿದೀರ 😂 ನಮ್ಮಪ್ಪನೂ ಹಿಂಗೇ ಪಿಕ್ಚರ್‌ಗೆ ಹೋಗಣ ಅಂತ ಹೇಳಿ ಮ್ಯೂಸಿಯಂಗೆ ಕರ್ಕೊಂಡ್ ಹೋಗಿದ್ದ, ಇವತ್ತಿಗೂ ಕ್ಷಮಿಸಿಲ್ಲ.

ನಕ್ಷತ್ರ ಕಡ್ಡಿ

ಹೀರೋ ಇಲ್ಲ, ಫೈಟಿಲ್ಲ, ಅಷ್ಟೇ ವ್ಯತ್ಯಾಸ. ಬೇರೆ ಎಲ್ಲಾ ಇದೆ.

ಕಸ್ತೂರ್ಬಾ ರೋಡ್ ಕಾಕಾ

ರಾಕಿ ಅವರ ತಂದೆ ಕರ್ಕೊಂಡ್ ಹೋಗಿದ್ದು ವಿಶ್ವೇಶ್ವರಯ್ಯ ಮ್ಯೂಸಿಯಂ ಇರ್ಬೇಕು. ಅಲ್ಲೂ 3ಡಿ ಫಿಲ್ಮ್ ಶೋ ಇದೆ ಈಗ, ಪ್ರವೇಶ ಟಿಕೆಟ್ ಬೇರೆ, ಶೋ ಟಿಕೆಟ್ ಬೇರೆ. ಕನ್ನಡಕ ಕೊಡ್ತಾರೆ. ಮಾತು ಕಮ್ಮಿ, ಮುಖದ ಮೇಲೆ ಬರೋ ಥರದ್ದೇ ಜಾಸ್ತಿ, ಹಾಗಾಗಿ ಭಾಷೆ ಬರದೇ ಇದ್ರೂ ನಡೆಯುತ್ತೆ. ಗುಂಡಗಿನ ಭೂಮಿ ಮೇಲೆ ಮೋಡ, ಸಮುದ್ರದ ಪ್ರವಾಹ ಎಲ್ಲಾ ಪ್ರೊಜೆಕ್ಟ್ ಮಾಡಿ ತೋರ್ಸೋ ಇನ್ನೊಂದು ಶೋ ಇದೆ, ಆರನೇ ಕ್ಲಾಸ್ ಹುಡುಗನಿಗೆ ಅದು ಸರಿಯಾಗಿ ಹಿಡಿಸುತ್ತೆ.

ಆ ಕಟ್ಟಡ 1962ರಲ್ಲಿ ನೆಹರು ಉದ್ಘಾಟನೆ ಮಾಡಿದ್ದು. ಕೆಳಗಡೆ ರೈಟ್ ಸಹೋದರರ ವಿಮಾನದ ಪೂರ್ತಿ ಸೈಜಿನ ಮಾದರಿ ಇದೆ, ಡೈನೋಸಾರ್ ಇದೆ, ಅದು ಕೂಗುತ್ತೆ, ನಿಮ್ಮ ಚಿಕ್ಕವಳು ಕತ್ತಲೆಗಿಂತ ಅದಕ್ಕೆ ಜಾಸ್ತಿ ಹೆದರಬಹುದು. ಇಡೀ ದಿನ ಬೇಕು. ಅಲ್ಲಿಂದ ಹೊರಗೆ ಬಂದ್ರೆ ಪಕ್ಕದಲ್ಲೇ ಸರ್ಕಾರಿ ವಸ್ತು ಸಂಗ್ರಹಾಲಯ, ವೆಂಕಟಪ್ಪ ಗ್ಯಾಲರಿ. 2023ರಲ್ಲಿ ತೆರೆದ ಮ್ಯಾಪ್ ಅನ್ನೋ ಕಲೆ ಮತ್ತು ಫೋಟೋ ಮ್ಯೂಸಿಯಂ ಕೂಡ ಅದೇ ರಸ್ತೆ. ಅದ್ರೊಳಗೆ ಒಳ್ಳೇ ಆಡಿಟೋರಿಯಂ ಇದೆ, ಆಗಾಗ ಫಿಲ್ಮ್ ಹಾಕ್ತಾರೆ. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದ್ರೆ ಪಾರ್ಕಿಂಗ್ ರಗಳೆ ಇಲ್ಲ.

ಇಬ್ಬರ ಅಪ್ಪ

ಕಾಕಾ, ರಜೆ ಭಾನುವಾರ ಮಾತ್ರ ಬೇಡ ಅಂತ ಹೇಳಿ ಅವ್ರಿಗೆ. 3ಡಿ ಶೋಗೆ ಟೋಕನ್ ಕ್ಯೂ, ಸ್ಕೂಲ್ ಬಸ್ಸು, ಊರಿಂದ ಬಂದ ಟೂರಿಸ್ಟ್ ಬಸ್ಸು. ಬೆಳಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆಯುವಾಗ ಅಲ್ಲಿರ್ಬೇಕು, ಮೊದ್ಲು ಶೋ ಟಿಕೆಟ್ ತಗೊಂಡು ಆಮೇಲೆ ಗ್ಯಾಲರಿ ನೋಡ್ಬೇಕು.

ಸುಚಿತ್ರಾ ಪಕ್ಕದ ಮನೆ

ಬನಶಂಕರಿ ಅಂತ ಹೆಸರಿಟ್ಕೊಂಡು ಸುಚಿತ್ರಾ ಬಗ್ಗೆ ಕೇಳ್ದೆ ಮ್ಯೂಸಿಯಂ ಕೇಳ್ತಿದೀರಲ್ಲ ಅಕ್ಕ! ಬನಶಂಕರಿ ಎರಡನೇ ಹಂತ, ನಿಮ್ಮ ಮನೆ ಹಿತ್ತಲು. 1971ರಲ್ಲಿ ಶುರುವಾದ ಫಿಲ್ಮ್ ಸೊಸೈಟಿ, ಸ್ವಂತ ಥಿಯೇಟರ್ ಇರೋ ಸೊಸೈಟಿ ಇಡೀ ದೇಶದಲ್ಲೇ ಕಮ್ಮಿ. ಕನ್ನಡದ ಎಷ್ಟೋ ಡೈರೆಕ್ಟರ್‌ಗಳು ಪ್ರಪಂಚದ ಸಿನಿಮಾ ನೋಡಿ ಕಣ್ಣು ಬಿಟ್ಟಿದ್ದು ಅಲ್ಲೇ. ಅಲ್ಲಿ ಏನು ಹಾಕ್ತಾರೆ ಅನ್ನೋದು ಅವರ ಪೇಜ್‌ನಲ್ಲಿ ಬರುತ್ತೆ, ಗೇಟಲ್ಲಿ ಬೋರ್ಡೂ ಹಾಕ್ತಾರೆ, ವಾಕಿಂಗ್ ಹೋದಾಗ ನೋಡ್ಕೊಂಡ್ ಬನ್ನಿ.

ಜೆಪಿ ನಗರದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂ ಇದೆ, 2019ರದ್ದು. ಹೆಡ್‌ಫೋನ್ ಹಾಕ್ಕೊಂಡು ಹಾಡು ಕೇಳ್ತಾ ವಿಡಿಯೋ ನೋಡ್ತಾ ಹೋಗೋದು, ಹೊರಗೆ ಬಡಿದ್ರೆ ಸದ್ದು ಮಾಡೋ ಕಲ್ಲು, ಗಂಟೆ ಎಲ್ಲಾ ಇರೋ ತೋಟ. ಸಿನಿಮಾ ಅಲ್ಲ, ಆದ್ರೆ ಯುಕೆಜಿ ಮಗುಗೆ ಅದಕ್ಕಿಂತ ಒಳ್ಳೇದು ಸಿಗಲ್ಲ, ಬಡೀಬೇಡ ಅನ್ನೋರು ಯಾರೂ ಇಲ್ಲ.

ಅರಮನೆ ರಸ್ತೆ

ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ಕೂಡ ಸೇರಿಸ್ಕೊಳ್ಳಿ, ಮಾಣಿಕ್ಯವೇಲು ಮ್ಯಾನ್ಶನ್, 2009ರಿಂದ ಇದೆ. ಕಲಾವಿದರ ಬಗ್ಗೆ ಸಾಕ್ಷ್ಯಚಿತ್ರ ಹಾಕ್ತಾರೆ. ಆದ್ರೆ ನಿಜ ಹೇಳ್ಬೇಕು ಅಂದ್ರೆ ಆರನೇ ಕ್ಲಾಸ್ ಹುಡುಗ ಹತ್ತು ನಿಮಿಷಕ್ಕೆ ಆಕಳಿಸ್ತಾನೆ. ಅಲ್ಲಿ ಮರದ ಕೆಳಗೆ ಕೂರೋಕೆ ಚೆನ್ನಾಗಿದೆ. ದೊಡ್ಡೋರಿಗೆ ಮಾತ್ರ ಅಂದ್ರೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್. ನಿಮ್ಮ ಈಗಿನ ಪಟ್ಟಿಗೆ ಅದ್ಯಾವ್ದೂ ಬೇಡ.

ರಾಜಾಜಿನಗರ ರಾಕಿ

ಇಷ್ಟೆಲ್ಲ ಹೇಳಿದ್ರಿ, ಒಂದ್ ಪ್ರಶ್ನೆ. ಇದೆಲ್ಲ ಇದೆ ಅಂತ ಯಾರಿಗ್ ಗೊತ್ತು? ಹೊಸ ಪಿಕ್ಚರ್ ಬಂದ್ರೆ ಮೆಟ್ರೋ ಪಿಲ್ಲರ್ ತುಂಬಾ ಪೋಸ್ಟರ್. ಮ್ಯೂಸಿಯಂನಲ್ಲಿ ಫಿಲ್ಮ್ ಹಾಕ್ತಾರೆ ಅನ್ನೋದು ಆ ಮ್ಯೂಸಿಯಂ ಒಳಗಿನ ನೋಟಿಸ್ ಬೋರ್ಡಲ್ಲಿ ಇರುತ್ತೆ, ಅಲ್ಲಿಗೆ ಹೋದೋನಿಗೆ ಮಾತ್ರ ಗೊತ್ತಾಗುತ್ತೆ, ಅವ್ನು ಹೇಗೂ ಬಂದಾಗಿದೆ.

ಕಸ್ತೂರ್ಬಾ ರೋಡ್ ಕಾಕಾ

ಈ ಮಾತು ನೂರಕ್ಕೆ ನೂರು ನಿಜ. ಮೊದ್ಲು ಪೇಪರಲ್ಲಿ "ನಗರದಲ್ಲಿ ಇಂದು" ಅಂತ ಒಂದು ಕಾಲಂ ಬರೋದು, ಭಾಷಣ, ಸಂಗೀತ, ಫಿಲ್ಮ್ ಸೊಸೈಟಿ ಶೋ ಎಲ್ಲಾ ಅದ್ರಲ್ಲೇ. ಕತ್ತರಿಸಿ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ವಿ. ಈಗ ಒಂದೊಂದು ಜಾಗಕ್ಕೂ ಒಂದೊಂದು ಇನ್‌ಸ್ಟಾ ಪೇಜು, ಅದೂ ಬಹುತೇಕ ಇಂಗ್ಲಿಷಲ್ಲಿ. ಮ್ಯೂಸಿಯಂಗಳು ರಜೆಗೆ ಮುಂಚೆ ಒಂದೇ ಒಂದು ಕನ್ನಡ ಕರಪತ್ರ ಹಂಚಿದ್ರೂ ಸಾಕು, ಹಾಲ್ ತುಂಬುತ್ತೆ.

ರೀಲು ಡಬ್ಬಿ

ನಾನು ಗಾಂಧಿನಗರದ ಥಿಯೇಟರಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೋನು, ರಿಟೈರ್ ಆಗಿ ಮಗಳ ಮನೇಲಿದೀನಿ, ಈ ಚರ್ಚೆ ನೋಡಿ ಟೈಪ್ ಮಾಡ್ಬೇಕು ಅನ್ನಿಸ್ತು, ತಪ್ಪಿದ್ರೆ ಓದ್ಕೊಳ್ಳಿ.

ರಜೆ ಟೈಮ್ ಅಂದ್ರೆ ನಮಗೆ ಊಟಕ್ಕೂ ಬಿಡುವಿರ್ತಿರ್ಲಿಲ್ಲ. ಬೆಳಗಿನ ಆಟ ಮಕ್ಕಳ ಫಿಲ್ಮ್. ಮಕ್ಕಳ ಚಿತ್ರ ಸಂಸ್ಥೆ ಅಂತ ಕೇಂದ್ರ ಸರ್ಕಾರದ್ದು ಇತ್ತು, 1955ರದ್ದು, ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ (ಎನ್ಎಫ್‌ಡಿಸಿ) ಒಳಗೆ ಸೇರಿಸಿಬಿಟ್ಟಿದಾರೆ. ಅವರ ಫಿಲ್ಮ್ ಬಂದಾಗ ಶಾಲೆಯಿಂದ ಸಾಲಾಗಿ ಕರ್ಕೊಂಡ್ ಬರೋರು, ಮೇಷ್ಟ್ರು ಕೈಲಿ ಕೋಲು, ಟಿಕೆಟ್‌ಗೆ ಚಿಲ್ಲರೆ ಕಾಸು. ಮ್ಯಾಟ್ನಿಯಿಂದ ದೊಡ್ಡ ಪಿಕ್ಚರು. ಆಗ ಎರಡು ಪ್ರೊಜೆಕ್ಟರ್, ಒಂದು ರೀಲು ಅಂದ್ರೆ ಇಪ್ಪತ್ತು ನಿಮಿಷದ ಒಳಗೆ. ಪರದೆಯ ಬಲಗಡೆ ಮೇಲಿನ ಮೂಲೇಲಿ ಒಂದು ಚುಕ್ಕಿ ಮಿಂಚುತ್ತೆ, ಅದು ಕಂಡ ತಕ್ಷಣ ಎರಡನೇ ಮೆಷಿನ್ ಮೋಟಾರ್ ಹಾಕ್ಬೇಕು, ಎರಡನೇ ಚುಕ್ಕಿಗೆ ಬದಲಾಯಿಸ್ಬೇಕು. ಅಲ್ಲಿ ಒಂದು ಸೆಕೆಂಡ್ ಹೆಚ್ಚುಕಮ್ಮಿ ಆದ್ರೆ ಕೆಳಗಿಂದ ನಮ್ಮ ವಂಶಾನೇ ಎತ್ತಿ ಬೈಯೋರು. ಪ್ರೊಜೆಕ್ಟರ್ ದೀಪದ ಕಾರ್ಬನ್ ಕಡ್ಡಿ ಉರೀತಾ ಉರೀತಾ ಸವೆಯುತ್ತೆ, ಕೈಲಿ ಸರಿ ಮಾಡ್ತಿರ್ಬೇಕು, ಇಲ್ಲಾಂದ್ರೆ ಪರದೆ ಹಳದಿಗಟ್ಟುತ್ತೆ. ಹಬ್ಬಕ್ಕೆ ಪ್ರಿಂಟ್ ಸಾಲದೆ ಎರಡು ಥಿಯೇಟರ್‌ಗೆ ಒಂದೇ ಪ್ರಿಂಟು, ಇಲ್ಲಿ ರೀಲ್ ಮುಗಿದ ಹಾಗೆ ಹುಡುಗ ಡಬ್ಬಿ ಕಟ್ಕೊಂಡು ಸೈಕಲಲ್ಲಿ ಅಲ್ಲಿಗೆ. ಮೆರವಣಿಗೆ ಅಡ್ಡ ಬಂದ್ರೆ ಮುಗೀತು, ಸ್ಲೈಡ್ ಹಾಕ್ಕೊಂಡು ಕೂರೋದು.

ಈಗ ಹಾರ್ಡ್ ಡಿಸ್ಕು, ಸ್ಯಾಟಲೈಟು, ಒಬ್ಬ ಹುಡುಗ ಕೂತ್ಕೊಂಡು ಐದು ಸ್ಕ್ರೀನ್ ನೋಡ್ಕೋತಾನೆ. ಚಿತ್ರ ಕ್ಲಿಯರ್ ಇದೆ, ಅದನ್ನ ಒಪ್ಪಬೇಕು. ಎಂಜಿ ರಸ್ತೆಲಿ ಶಂಕರ್‌ನಾಗ್ ಚಿತ್ರಮಂದಿರ ಇದೆಯಲ್ಲ, ಮೊದಲು ಸಿಂಫನಿ ಅಂತಿದ್ದದ್ದು, ಅಲ್ಲಿ ಪ್ರೊಜೆಕ್ಟರೇ ಇಲ್ಲ, ಪರದೆಯೇ ಎಲ್‌ಇಡಿ. ಆಪರೇಟರ್ ರೂಮ್ ಇಲ್ಲದ ಥಿಯೇಟರ್ ನೋಡೋ ಕಾಲ ಬರುತ್ತೆ ಅಂತ ನಾನಂತೂ ಅಂದ್ಕೊಂಡಿರ್ಲಿಲ್ಲ. ಮಕ್ಕಳಿಗೆ ಅದನ್ನೂ ತೋರಿಸಿ, ಕಪ್ಪು ಅಂದ್ರೆ ನಿಜವಾದ ಕಪ್ಪು ಕಾಣುತ್ತೆ.

ಸಿಂಗಲ್ ಸ್ಕ್ರೀನ್ ಸೀನ

ಯಜಮಾನ್ರೇ ಕಪಾಲಿ ಥಿಯೇಟರಲ್ಲಿ ಇದ್ರಾ?

ರೀಲು ಡಬ್ಬಿ

ಇಲ್ಲಪ್ಪ. ಆದ್ರೆ ನೋಡೋಕೆ ಹೋಗ್ತಿದ್ದೆ. 1968ರಲ್ಲಿ ಶುರುವಾದಾಗ ಆ ಬಾಗಿದ ಸಿನೆರಾಮಾ ಪರದೆ ನೋಡೋಕೇ ಜನ ಬರ್ತಿದ್ರು, ಪಿಕ್ಚರ್ ಯಾವ್ದು ಅಂತ ಕೇಳ್ತಿರ್ಲಿಲ್ಲ. 2017ರಲ್ಲಿ ಮುಚ್ಚಿದ್ರು, ಒಡೆದ್ರು, ಈಗ ಅಲ್ಲಿ ಮಲ್ಟಿಪ್ಲೆಕ್ಸ್ ಬರುತ್ತಂತೆ. ರೆಕ್ಸ್ 2018ರ ಕೊನೆಗೆ ಹೋಯ್ತು, ಸ್ಯಾಂಕಿ ರಸ್ತೆ ಕಾವೇರಿ 1974ರಿಂದ ಐವತ್ತು ವರ್ಷ ಓಡಿ ಹೋದ ವರ್ಷ ನಿಂತ್ತು. ಹೇಳ್ತಾ ಹೋದ್ರೆ ಶ್ರಾದ್ಧದ ಪಟ್ಟಿ ಆಗುತ್ತೆ, ಬಿಡಿ.

ಕುಡ್ಲದ ಮಗಳು

ಬೆಂಗಳೂರಿನವರು ಸ್ವಲ್ಪ ನಮ್ಮ ಕಡೆಯೂ ನೋಡಿ ಮಾರಾಯ್ರೆ. ಮಂಗಳೂರು ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ಉಂಟು, 2018ರಲ್ಲಿ ಶುರು ಆದದ್ದು, 3ಡಿಯಲ್ಲಿ ತೋರಿಸ್ತಾರೆ, ಶನಿಯ ಬಳೆ ಕೈಗೆ ಸಿಗ್ತದೆ ಅಂತ ಅನ್ನಿಸ್ತದೆ. ಪಕ್ಕದಲ್ಲೇ ಝೂ, ವಿಜ್ಞಾನ ಕೇಂದ್ರ, ಗುತ್ತು ಮನೆ ಎಲ್ಲ ಉಂಟು. ನವರಾತ್ರಿಗೆ ಕುದ್ರೋಳಿ ದಸರಾ, ಹುಲಿವೇಷ ನೋಡ್ಲಿಕ್ಕೆ ಬರುವವರು ಒಂದು ದಿನ ಇಲ್ಲಿಗೂ ಹೋಗಿ. ಸೋಮವಾರ ಬರ್ಬೇಡಿ, ಬಂದ್.

ಹುಬ್ಬಳ್ಳಿ ಹುಡುಗ

ನಮ್ ಕಡಿ ಧಾರವಾಡ ವಿಜ್ಞಾನ ಕೇಂದ್ರ ಐತ್ರಿ, ಯುನಿವರ್ಸಿಟಿ ಕ್ಯಾಂಪಸ್‌ದಾಗ. ಸೂಟಿ ಬಂತಂದ್ರ ಹುಡುಗೂರು ಅಲ್ಲೇ. ಆದ್ರ ಖರೇ ಹೇಳ್ಬೇಕಂದ್ರ ನಮ್ಮ ಹುಡುಗೂರಿಗೆ ಸೀಮೋಲ್ಲಂಘನ ಮುಗಿದ ಮ್ಯಾಲ ಬನ್ನಿ ಕೊಟ್ಟು ಸಂಜೀಕೆ ಟಾಕೀಸಿಗೆ ಹೋಗೂದ ಹಬ್ಬ. ಅದು ತಪ್ಪಿದ್ರ ವರ್ಷಾಪೂರ್ತಿ ಮಾತು ಕೇಳ್ಬೇಕಾಗತ್ತ.

ಮೈಸೂರು ಮಲ್ಲಿಗೆ ಬೀದಿ

ದಸರಾ ಅಂತ ಹೆಡ್ಡಿಂಗ್ ಕೊಟ್ಟು ಮೈಸೂರನ್ನ ಬಿಟ್ರೆ ಹೇಗೆ? ನಮ್ಮಲ್ಲಿ ದಸರಾ ಚಲನಚಿತ್ರೋತ್ಸವಾನೇ ನಡೆಯುತ್ತೆ, ಐನಾಕ್ಸ್ ಪರದೆಗಳಲ್ಲೇ ಪಾಸ್ ತಗೊಂಡು ಕನ್ನಡ ಸಿನಿಮಾ, ಬೇರೆ ದೇಶದ ಸಿನಿಮಾ ನೋಡಬಹುದು. ಬೆಳಗ್ಗೆ ಮಕ್ಕಳನ್ನ ಕಾರಂಜಿ ಕೆರೆ ಪಕ್ಕ ನೈಸರ್ಗಿಕ ಇತಿಹಾಸ ಮ್ಯೂಸಿಯಂಗೆ ಕರ್ಕೊಂಡ್ ಹೋಗಿ, 1995ರಿಂದ ಇದೆ, ಅಲ್ಲಿ ಕಾಡು ಪ್ರಾಣಿಗಳ ಫಿಲ್ಮ್ ಹಾಕ್ತಾರೆ. ಒಂದೇ ಬೇಜಾರು, ಶಾಂತಲಾ, ಸರಸ್ವತಿ ಥಿಯೇಟರ್ ಎರಡೂ ಕೋವಿಡ್ ಹೊತ್ತಲ್ಲಿ ಮುಚ್ಚಿದ್ವು, ಜಂಬೂ ಸವಾರಿ ನೋಡಿ ಹಂಗೇ ಶಾಂತಲಾಗೆ ಸೆಕೆಂಡ್ ಶೋ ಹೋಗೋದು ನಮ್ಮ ಮನೆ ಪದ್ಧತಿ ಆಗಿತ್ತು.

ಹಾಲು ಬಾಟ್ಲಿ ಅಮ್ಮ

ಸಣ್ಣ ಮಗು ಇರೋರು ಗಮನಿಸಿ. ಥಿಯೇಟರ್‌ನವರು ಹೊರಗಿನ ತಿಂಡಿ ಬೇಡ ಅನ್ನಬಹುದು, ಆದ್ರೆ ಕುಡಿಯೋ ನೀರು ಫ್ರೀ ಕೊಡ್ಲೇಬೇಕು, ಹಸುಗೂಸುಗಳಿಗೆ ಬೇಕಾದಷ್ಟು ಆಹಾರ ತರೋಕೂ ಬಿಡ್ಬೇಕು ಅಂತ 2023ರ ಜನವರಿಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೇಟಲ್ಲಿ ಬ್ಯಾಗ್ ಚೆಕ್ ಮಾಡೋ ಹುಡುಗಿಗೆ ಇದು ಗೊತ್ತಿರಲ್ಲ, ಜಗಳ ಆಡ್ಬೇಡಿ, ಮ್ಯಾನೇಜರ್ ಕರೀರಿ ಅಂದ್ರೆ ಸಾಕು, ಬಿಡ್ತಾರೆ.

ಮತ್ತೆ ಈಗ ಪಿಕ್ಚರ್ ಸರ್ಟಿಫಿಕೇಟಲ್ಲಿ ಯು/ಎ ಮುಂದೆ ಒಂದು ನಂಬರ್ ಇರುತ್ತೆ ನೋಡಿ, 7+, 13+, 16+ ಅಂತ. ಅದು ಅಪ್ಪ ಅಮ್ಮಂಗೆ ಕೊಡೋ ಸಲಹೆ, ಗೇಟಲ್ಲಿ ತಡೆಯಲ್ಲ, ಎ ಇದ್ರೆ ಮಾತ್ರ ತಡೀತಾರೆ. ತಡೆಯಲ್ಲ ಅಂತ 16+ಗೆ ಯುಕೆಜಿ ಮಗು ಕರ್ಕೊಂಡ್ ಬರೋರನ್ನ ನೋಡಿದೀನಿ, ಪಾಪ ಆ ಮಗು ಕಿವಿ ಮುಚ್ಕೊಂಡು ಮಡಿಲಲ್ಲಿ ಮುಖ ಇಟ್ಕೊಂಡು ಕೂತಿರುತ್ತೆ.

ಕೋರ್ಟ್ ಹಕ್ಕಿ

ಜಾಹೀರಾತಿನ ವಿಷ್ಯ ಕೂಡ. ಇಪ್ಪತ್ತೈದು ನಿಮಿಷ ಜಾಹೀರಾತು ಹಾಕಿ ಟೈಮ್ ಹಾಳು ಮಾಡಿದ್ರು ಅಂತ ಬೆಂಗಳೂರಿನ ಒಬ್ರು ಗ್ರಾಹಕ ಆಯೋಗಕ್ಕೆ ಹೋಗಿ ಈ ವರ್ಷ ಫೆಬ್ರವರಿಲಿ ಗೆದ್ದಿದ್ರು, ಆಮೇಲೆ ಹೈಕೋರ್ಟ್ ಅದನ್ನೂ ತಡೆದ್ತು. ಹಾಗಾಗಿ ಮಲ್ಟಿಪ್ಲೆಕ್ಸ್‌ಗೆ ಮಕ್ಕಳ ಜೊತೆ ಹೋಗೋದಾದ್ರೆ ಟಿಕೆಟಲ್ಲಿ ಬರೆದ ಟೈಮಿಗೆ ಸರಿಯಾಗಿ ಹೋಗಿ ಕೂತ್ರೆ ಪಿಕ್ಚರ್ ಶುರುವಾಗೋ ಮುಂಚೆನೇ ಪಾಪ್‌ಕಾರ್ನ್ ಖಾಲಿ. ಇನ್ನೊಂದು, ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ, 100 ರೂಪಾಯಿ ಒಳಗಿನ ಟಿಕೆಟ್‌ಗೆ 12 ಇದ್ದದ್ದು 5 ಆಯ್ತು, ಅದಕ್ಕಿಂತ ಜಾಸ್ತಿಯದ್ದಕ್ಕೆ ಅದೇ 18.

ರಾಜಾಜಿನಗರ ರಾಕಿ

100 ರೂಪಾಯಿ ಒಳಗೆ ಬೆಂಗಳೂರಲ್ಲಿ ಏನು ಸಿಗುತ್ತೆ ಸಾರ್, ಪಾರ್ಕಿಂಗ್ ಟಿಕೆಟ್?

ಬನಶಂಕರಿ ಅಕ್ಕ (29 ಸೆಪ್ಟೆಂಬರ್)

ವರದಿ ಒಪ್ಪಿಸ್ತಿದೀನಿ. ಶನಿವಾರ ವಿಶ್ವೇಶ್ವರಯ್ಯ ಮ್ಯೂಸಿಯಂ, ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿದ್ವಿ, ಇಬ್ಬರ ಅಪ್ಪ ಅವ್ರಿಗೆ ಥ್ಯಾಂಕ್ಸ್. 3ಡಿ ಶೋನಲ್ಲಿ ಅತ್ತೆ ತಮ್ಮ ಕನ್ನಡಕದ ಮೇಲೆ ಆ ಕನ್ನಡಕ ಹಾಕ್ಕೊಂಡು, ಯಾವ್ದೋ ಮೀನು ಮುಖದ ಹತ್ರ ಬಂದಾಗ "ಶಿವ ಶಿವ" ಅಂತ ಕೈಯಲ್ಲಿ ತಳ್ಳೋಕೆ ಹೋಗಿ ಮುಂದಿನ ಸೀಟಿನ ಹುಡುಗನ ತಲೆಗೆ ಮೊಟಕಿದ್ರು. ಹಾಲ್ ಪೂರ್ತಿ ನಗು. ಚಿಕ್ಕವಳಿಗೆ ಕನ್ನಡಕ ದೊಡ್ಡದಾಗಿ ಜಾರ್ತಿತ್ತು, ನಾನು ಪೂರ್ತಿ ಶೋ ಅದನ್ನ ಹಿಡ್ಕೊಂಡೇ ಕೂತಿದ್ದೆ, ಯಾರಾದ್ರೂ ಸಣ್ಣ ಮಕ್ಕಳ ಜೊತೆ ಹೋಗೋದಾದ್ರೆ ಒಂದು ರಬ್ಬರ್ ಬ್ಯಾಂಡ್ ಇಟ್ಕೊಳಿ.

ಭಾನುವಾರ ತಾರಾಲಯ, ಕನ್ನಡ ಶೋ. ಅತ್ತೆ ಪೂರ್ತಿ ಕೇಳಿಸ್ಕೊಂಡ್ರು. ಹೊರಗೆ ಬಂದ್ಮೇಲೆ ದೊಡ್ಡವನ ಹತ್ರ ರೋಹಿಣಿ ಯಾವ್ದು, ಕೃತ್ತಿಕೆ ಯಾವ್ದು ಅಂತ ಕೇಳ್ತಿದ್ರು, ಇಷ್ಟು ವರ್ಷ ಪಂಚಾಂಗದಲ್ಲಿ ಓದಿದ್ದನ್ನ ಕಣ್ಣಲ್ಲಿ ನೋಡಿದ್ದು ಇದೇ ಮೊದ್ಲು ಅಂದ್ರು. ಚಿಕ್ಕವಳು ಹೆದರ್ಲಿಲ್ಲ, ನಿದ್ದೆ ಮಾಡಿದ್ಲು.

ನಕ್ಷತ್ರ ಕಡ್ಡಿ

ಆ ಸೀಟಲ್ಲಿ ನಿದ್ದೆ ಮಾಡದೇ ಇರೋದು ಕಷ್ಟನೇ ಅಕ್ಕ, ದೊಡ್ಡೋರೇ ಗೊರಕೆ ಹೊಡೀತಾರೆ.

ಸಿಂಗಲ್ ಸ್ಕ್ರೀನ್ ಸೀನ

ಎಲ್ಲಾ ಆಯ್ತು, ಪಿಕ್ಚರ್ ಯಾವಾಗ? ವಿಜಯದಶಮಿಗೆ ಕಾಂತಾರ ಚಾಪ್ಟರ್ 1 ಬರ್ತಿದೆ, ಸಿಂಗಲ್ ಸ್ಕ್ರೀನಲ್ಲಿ ನೋಡ್ಲಿಲ್ಲ ಅಂದ್ರೆ ನೀವು ನೋಡಿದ್ದು ಲೆಕ್ಕಕ್ಕಿಲ್ಲ.

ಇಬ್ಬರ ಅಪ್ಪ

ಮೊದಲ ವಾರ ರೇಟ್ ನೋಡಿದೀರಾ ಗುರು, ಕೆಲವು ಕಡೆ ಸಾವಿರ ದಾಟಿದೆ. ಒಂದು ವಾರ ತಡ್ಕೊಂಡ್ರೆ ಅದೇ ಪಿಕ್ಚರ್ ಅದೇ ಪರದೆ. ಮಕ್ಕಳಿಗೆ ಹೇಳಿ ಒಪ್ಪಿಸೋದೇ ಕಷ್ಟ, ಸ್ಕೂಲ್ ಶುರುವಾಗೋ ಮುಂಚೆ ನೋಡಿಲ್ಲ ಅಂದ್ರೆ ಕ್ಲಾಸಲ್ಲಿ ಮರ್ಯಾದೆ ಹೋಗುತ್ತಂತೆ.

ಕೋರ್ಟ್ ಹಕ್ಕಿ (30 ಸೆಪ್ಟೆಂಬರ್)

ಅಪ್‌ಡೇಟ್. ಇವತ್ತು ಹೈಕೋರ್ಟ್ ವಿಭಾಗೀಯ ಪೀಠ ಹೇಳಿದ್ದು: ಮಲ್ಟಿಪ್ಲೆಕ್ಸ್‌ಗಳು ಮಾರೋ ಪ್ರತಿ ಟಿಕೆಟ್‌ನ ಲೆಕ್ಕ ಇಡ್ಬೇಕು, ಕೊನೆಗೆ ಸರ್ಕಾರ ಗೆದ್ರೆ ಹೆಚ್ಚಿಗೆ ತಗೊಂಡಿದ್ದನ್ನ ಪ್ರೇಕ್ಷಕರಿಗೆ ವಾಪಸ್ ಕೊಡ್ಬೇಕು. ಹಾಗಾಗಿ ನೀವು ಮಾಲ್‌ನಲ್ಲೇ ನೋಡೋದಾದ್ರೆ ಟಿಕೆಟ್ ಬಿಸಾಕ್ಬೇಡಿ, ಕ್ಯಾಶ್ ಬದಲು ಆನ್‌ಲೈನಲ್ಲೇ ತಗೊಳ್ಳಿ, ಮೆಸೇಜ್ ಡಿಲೀಟ್ ಮಾಡ್ಬೇಡಿ. ಯಾವಾಗ ಬರುತ್ತೆ, ಬರುತ್ತಾ ಇಲ್ವಾ, ಅದು ಬೇರೆ ಮಾತು.

ರಾಜಾಜಿನಗರ ರಾಕಿ

ನನ್ನ ಮೊಮ್ಮಗ ಕಲೆಕ್ಟ್ ಮಾಡ್ಕೋತಾನೆ ಬಿಡಿ.

ಸುಚಿತ್ರಾ ಪಕ್ಕದ ಮನೆ

ಬೆಲೆ ಬಗ್ಗೆ ಇಷ್ಟು ಮಾತಾಡ್ತೀವಿ, ಭಾಷೆ ಬಗ್ಗೆ ಯಾರೂ ಹೇಳ್ಲಿಲ್ಲ. ರಜೆಗೆ ಬರೋ ಮಕ್ಕಳ ಅನಿಮೇಷನ್ ಪಿಕ್ಚರ್‌ಗಳು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಲ್ಲಿ ಇರ್ತವೆ, ಕನ್ನಡದ್ದು ಹುಡುಕ್ಬೇಕು. ಈ ಜುಲೈ 25ಕ್ಕೆ ಬಂದ ಮಹಾವತಾರ ನರಸಿಂಹ ಕನ್ನಡದಲ್ಲೂ ಇತ್ತು, ನಮ್ಮ ಏರಿಯಾದ ಅಜ್ಜಿ ತಾತಂದಿರು ಮೊಮ್ಮಕ್ಕಳ ಜೊತೆ ಗುಂಪಲ್ಲಿ ಹೋಗಿದ್ರು. ಅಂದ್ರೆ ಜನ ಇದಾರೆ, ಶೋ ಇಲ್ಲ. ಡಬ್ಬಿಂಗ್ ತಡೆಯೋದು ತಪ್ಪು ಅಂತ 2015ರಲ್ಲೇ ಸ್ಪರ್ಧಾ ಆಯೋಗ ಹೇಳಿದೆ, ಇಷ್ಟು ವರ್ಷ ಆದ್ರೂ ಮಕ್ಕಳ ಪಿಕ್ಚರ್‌ಗೇ ಬರಗಾಲ. ತಾರಾಲಯದವರು ಕನ್ನಡದಲ್ಲಿ ದಿನಾ ಶೋ ಮಾಡಿ ಸೀಟು ತುಂಬಿಸ್ತಾರೆ ಅಂದ್ರೆ ಮಲ್ಟಿಪ್ಲೆಕ್ಸ್‌ನವರಿಗೆ ಬೆಳಗ್ಗೆ ಒಂದೇ ಒಂದು ಕನ್ನಡ ಶೋ ಇಡೋಕೆ ಏನು ಕಷ್ಟ ನನಗಂತೂ ಅರ್ಥ ಆಗಿಲ್ಲ.

ಅರಮನೆ ರಸ್ತೆ

ಡಬ್ಬಿಂಗ್ ವಿಷ್ಯ ಎತ್ತಿದ್ರೆ ಈ ಚರ್ಚೆ ದೀಪಾವಳಿ ತನಕ ಹೋಗುತ್ತೆ, ಬೇರೆ ಕಡೆ ಮಾಡಣ ದಯವಿಟ್ಟು 🙏

ಮೇಷ್ಟ್ರು (7 ಅಕ್ಟೋಬರ್)

ತಡವಾಗಿ ಬಂದೆ, ಸರ್ಕಾರದ ಜಾತಿ ಸಮೀಕ್ಷೆ ಡ್ಯೂಟಿ. ನಾನು ಸರ್ಕಾರಿ ಶಾಲೆಯವನು, ಮನೆ ಮನೆ ಸುತ್ತಿ ಈಗ ತಾನೇ ಕೂತೆ. ಸಮೀಕ್ಷೆ ಮುಗೀಲಿ ಅಂತ ಇವತ್ತು ಸರ್ಕಾರಿ, ಅನುದಾನಿತ ಶಾಲೆಗಳ ರಜೆ 18ರ ತನಕ ಮುಂದೆ ಹಾಕಿದ್ರು. ಖಾಸಗಿ ಶಾಲೆ ಮಕ್ಕಳು ವಾಪಸ್ ಹೋಗ್ತಾರೆ, ನಮ್ಮ ಮಕ್ಕಳು ಬೀದೀಲಿ ಇರ್ತಾರೆ, ಅಪ್ಪ ಅಮ್ಮ ಕೂಲಿಗೆ ಹೋಗಿರ್ತಾರೆ. ಮೇಲೆ ಹೇಳಿದ ಜಾಗಗಳಲ್ಲಿ ನಲವತ್ತು ಮಕ್ಕಳನ್ನ ಒಟ್ಟಿಗೆ ಕರ್ಕೊಂಡ್ ಹೋಗೋಕೆ ಆಗುತ್ತಾ? ದುಡ್ಡು ನಾವೇ ಮೂರು ಜನ ಮೇಷ್ಟ್ರು ಹಾಕ್ಕೋತೀವಿ, ಬಸ್ಸಿಗೆ ಊರಿನ ಒಬ್ರು ಒಪ್ಪಿದಾರೆ.

ಕಸ್ತೂರ್ಬಾ ರೋಡ್ ಕಾಕಾ

ಖಂಡಿತ ಆಗುತ್ತೆ ಸಾರ್. ಶಾಲೆ ಲೆಟರ್‌ಹೆಡ್ಡಲ್ಲಿ ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಮಕ್ಕಳ ಸಂಖ್ಯೆ, ಯಾವ ತರಗತಿ, ದಿನ ಬರೆದು ಮೊದ್ಲೇ ಕಳ್ಸಿ, ಮ್ಯೂಸಿಯಂ ತಾರಾಲಯ ಎರಡಕ್ಕೂ. ಶಾಲಾ ಗುಂಪಿಗೆ ರಿಯಾಯ್ತಿ ಕೇಳಿ, ಸರ್ಕಾರಿ ಶಾಲೆ ಅಂತ ಒತ್ತಿ ಹೇಳಿ. ಹೋಗೋ ಹಿಂದಿನ ದಿನ ಇನ್ನೊಂದ್ಸಲ ಫೋನ್ ಮಾಡಿ ಖಚಿತ ಮಾಡ್ಕೊಳಿ.

ನಕ್ಷತ್ರ ಕಡ್ಡಿ

ಮೇಷ್ಟ್ರೇ, 14 ಎರಡನೇ ಮಂಗಳವಾರ, ತಾರಾಲಯ ಬಂದ್. 13 ಸೋಮವಾರ, ಅದೂ ಬಂದ್. 15 ಅಥವಾ 16 ಇಟ್ಕೊಳಿ, ಖಾಸಗಿ ಶಾಲೆ ಶುರುವಾಗಿರುತ್ತೆ, ರಶ್ ಕಮ್ಮಿ. ಕನ್ನಡ ಶೋನೇ ಬೇಕು ಅಂತ ಕಾಗದದಲ್ಲೇ ಬರೀರಿ.

ಬನಶಂಕರಿ ಅಕ್ಕ

ಮೇಷ್ಟ್ರೇ, ನಲವತ್ತು ಮಕ್ಕಳ ಮಧ್ಯಾಹ್ನದ ಚಿತ್ರಾನ್ನ ನನ್ನದು, ಅತ್ತೆ ಇನ್ನೂ ಇಲ್ಲೇ ಇದಾರೆ, ಅವ್ರೇ ಮಾಡ್ತೀನಿ ಅಂತಿದಾರೆ. ದಿನ ಗೊತ್ತಾದ ತಕ್ಷಣ ಮೆಸೇಜ್ ಮಾಡಿ, ಅಕ್ಕಿ ನೆನೆ ಹಾಕೋ ಕೆಲ್ಸ ಇಲ್ಲ ಆದ್ರೂ ನಿಂಬೆಹಣ್ಣು ತರಿಸ್ಬೇಕು.

ರಾಜಾಜಿನಗರ ರಾಕಿ

ನಲವತ್ತು ಮಕ್ಕಳಿಗೆ ಮೂರು ಮೇಷ್ಟ್ರು ಕಮ್ಮಿ ಆಗುತ್ತೆ, ರೋಡ್ ದಾಟ್ಸೋಕೆ ನಾನೂ ಬರ್ತೀನಿ. ಮೊದಲೇ ಹೇಳ್ಬಿಡ್ತೀನಿ, ಪಿಕ್ಚರ್‌ಗೆ ಹೋಗಣ ಅಂತ ಮಕ್ಕಳಿಗೆ ಸುಳ್ಳು ಹೇಳಿ ಕರ್ಕೊಂಡ್ ಬರಂಗಿಲ್ಲ.